ವ್ಯಾಯಾಮ ಮಾಡುವ ಯುವಜನರಲ್ಲಿ ಅಧಿಕ ರಕ್ತದೊತ್ತಡ: ಚಿಕಿತ್ಸೆಯ ಕ್ರಮ

ನಿತ್ಯ ಓಡುವ, ಭಾರ ಎತ್ತುವ ಯುವಜನರಲ್ಲಿ ರಕ್ತದೊತ್ತಡ ಹೆಚ್ಚಿದೆಯೆಂದು ಕಂಡುಬಂದರೆ ಮೊದಲು ಅಳತೆಯನ್ನೇ ಪರೀಕ್ಷಿಸಬೇಕು. ಸ್ನಾಯು ತುಂಬಿದ ತೋಳಿಗೆ ರಕ್ತದೊತ್ತಡ ಅಳೆಯುವ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ನಿಜಕ್ಕಿಂತ ಹೆಚ್ಚು ತೋರುತ್ತದೆ. ವ್ಯಾಯಾಮ ಅಥವಾ ಕಾಫಿಯ ನಂತರ ಅರ್ಧ ಗಂಟೆಯಾದರೂ ಬಿಟ್ಟು, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ಮನೆ ಕುಳಿತು, ಒಂದು ವಾರ ಬೆಳಿಗ್ಗೆ ಮತ್ತು ಸಂಜೆ ಎರಡೆರಡು ಬಾರಿ ಅಳೆದು ಬರೆದಿಡಿ. ಸರಾಸರಿ 135/85 ಮುಟ್ಟಿದರೆ ವೈದ್ಯರನ್ನು ಕಾಣಿರಿ.

ಈ ವಯಸ್ಸಿನಲ್ಲಿ ಕಾರಣ ಹುಡುಕದೆ ಮಾತ್ರೆ ಆರಂಭಿಸುವುದು ಸರಿಯಲ್ಲ. ಮೂತ್ರಪಿಂಡ, ಥೈರಾಯ್ಡ್, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆಗಳನ್ನೂ ನಿದ್ರೆಯಲ್ಲಿ ಉಸಿರುಗಟ್ಟುವುದನ್ನೂ ಪರಿಶೀಲಿಸಬೇಕು. ಸ್ಟೀರಾಯ್ಡ್, ಎನರ್ಜಿ ಡ್ರಿಂಕ್, ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆ, ಮೂಗು ಕಟ್ಟಿದಾಗ ನುಂಗುವ ಔಷಧ ಇವೆಲ್ಲವೂ ರಕ್ತದೊತ್ತಡವನ್ನು ಏರಿಸಬಲ್ಲವು. ಸಂಕೋಚಪಡದೆ ವೈದ್ಯರಿಗೆ ಎಲ್ಲವನ್ನೂ ಹೇಳಿ.

ಉಪ್ಪನ್ನು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಮಾಡಿ, ಮದ್ಯ ಮತ್ತು ತಂಬಾಕು ಬಿಡಿ. ಔಷಧ ಬೇಕಾದರೆ, ರಕ್ತನಾಳಗಳನ್ನು ಸಡಿಲಿಸುವ ಎಸಿಇ ಪ್ರತಿಬಂಧಕ, ಎಆರ್‌ಬಿ ಅಥವಾ ಅಮ್ಲೋಡಿಪಿನ್‌ನಂತಹವು ವ್ಯಾಯಾಮದ ಸಾಮರ್ಥ್ಯವನ್ನು ಸಾಮಾನ್ಯವಾಗಿ ಕುಗ್ಗಿಸುವುದಿಲ್ಲ. ಆದರೆ ಗರ್ಭಿಣಿಯರೂ ಗರ್ಭ ಧರಿಸಲು ಬಯಸುವವರೂ ಮೊದಲೆರಡನ್ನು ಬಳಸಬಾರದು. ಬೀಟಾ ಬ್ಲಾಕರ್ ಎಂಬ ಇನ್ನೊಂದು ಬಗೆಯ ಔಷಧ ಹೃದಯ ಬಡಿತವನ್ನು ತಗ್ಗಿಸಿ ಬೇಗ ದಣಿಸುತ್ತದೆ, ಮೂತ್ರವರ್ಧಕ ಬೆವರಿನೊಡನೆ ಸೇರಿ ನಿರ್ಜಲೀಕರಣ ತರಬಹುದು. ಮೂತ್ರವರ್ಧಕಗಳು ಕ್ರೀಡಾ ನಿಷೇಧಿತ ಪಟ್ಟಿಯಲ್ಲಿರುವುದರಿಂದ ಸ್ಪರ್ಧಾಳುಗಳು ಮೊದಲೇ ವಿಚಾರಿಸಬೇಕು.

ವ್ಯಾಯಾಮ ನಿಲ್ಲಿಸಬೇಕಿಲ್ಲ. ಆದರೆ ಒತ್ತಡ 160/100 ದಾಟಿದ್ದರೆ, ಅದು ಹತೋಟಿಗೆ ಬರುವವರೆಗೆ ಉಸಿರು ಬಿಗಿಹಿಡಿದು ಭಾರ ಎತ್ತಬೇಡಿ. 180/120 ಮೀರಿ ಎದೆನೋವು, ಉಸಿರಾಟದ ತೊಂದರೆ ಅಥವಾ ದೃಷ್ಟಿ ಮಂಜಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.