ತಕರಾರು ಎತ್ತಲೂ ಅನುಮತಿ ಬೇಕು

"ಹೆತ್ತವಳು ಕೊಡಲ್ಲ ಅಂದ್ಮೇಲೆ ಮಗೂನ ದತ್ತು ಕೊಡೋಕೆ ಅವರ್ಯಾರೇ?" ಅಂತ, ಇಂಗ್ಲೆಂಡಿನ ಕೋರ್ಟುಗಳ ದತ್ತು ಕೇಸುಗಳ ಬಗ್ಗೆ ನಾನು ಹೇಳಿದಾಗ ಶಿವಮೊಗ್ಗದಿಂದ ಅಮ್ಮ ಫೋನಿನಲ್ಲಿ ಕೇಳಿದ್ದಳು. ನಮ್ಮ 1956ರ ಹಿಂದೂ ದತ್ತು ಕಾಯ್ದೆಯನ್ನೇ ಓದಿ ಬಂದ ನನಗೂ ಇಂಗ್ಲೆಂಡಿನ ರೀತಿ ಅರಗಲು ಸಮಯ ಹಿಡಿಯಿತು. ಭಾರತದಲ್ಲಿ ಕೊಡುವವರು ಕೊಡಬೇಕು, ಪಡೆಯುವವರು ಪಡೆಯಬೇಕು. ಇಲ್ಲಿ, ಇಂಗ್ಲೆಂಡಿನಲ್ಲಿ, ಮಗುವಿನ ಹಿತಕ್ಕೆ ಬೇಕೆಂದರೆ ನ್ಯಾಯಾಲಯ ಹೆತ್ತವರ ಒಪ್ಪಿಗೆಯನ್ನು ಬದಿಗಿಡಬಹುದು. ಪ್ಲೇಸ್‌ಮೆಂಟ್ ಆದೇಶದ (ದತ್ತು ಪಡೆಯಲಿರುವವರ ಮನೆಯಲ್ಲಿ ಮಗುವನ್ನು ಇರಿಸಲು ಸ್ಥಳೀಯ ಆಡಳಿತವಾದ ಕೌನ್ಸಿಲಿಗೆ ಕೋರ್ಟ್ ಕೊಡುವ ಅಧಿಕಾರ) ಮೇಲೆ ಮಗು ಹೊಸ ಮನೆ ಸೇರಿಬಿಟ್ಟರೆ, ದತ್ತಿಗೆ ತಕರಾರು ಎತ್ತುವುದಕ್ಕೇ ಹೆತ್ತವರು ಮೊದಲು ಕೋರ್ಟಿನ ಅನುಮತಿ ಪಡೆಯಬೇಕು. 2002ರ ದತ್ತು ಮತ್ತು ಮಕ್ಕಳ ಕಾಯ್ದೆಯ 47ನೇ ಕಲಂ ಹಾಗೆನ್ನುತ್ತದೆ.

ಸಾಲಿಸಿಟರ್ ಆಗಿ ಅಂಥ ಅರ್ಜಿಯನ್ನು ನಾನು ಮೊದಲ ಸಲ ಹಾಕಿದ್ದು ಒಬ್ಬ ತಾಯಿಗೋಸ್ಕರ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಕುಡಿತ, ಹೊಡೆಯುವ ಸಂಗಾತಿ, ನೆಲೆಯಿಲ್ಲದ ಮನೆ ಇವು ಮೂರೂ ಸೇರಿ ಮಗ ಕೈತಪ್ಪಿದ್ದ. ದತ್ತು ವಿಚಾರಣೆಯ ನೋಟಿಸ್ ಹಿಡಿದು ಬಂದಾಗ ಆಕೆಯ ಇನ್ನೊಂದು ಕೈಯಲ್ಲಿ ಪ್ರಮಾಣಪತ್ರ ತುಂಬಿದ ಪ್ಲಾಸ್ಟಿಕ್ ಚೀಲವಿತ್ತು.

ನಾನು ಎಡವಿದ್ದು ಮೊದಲ ಹೇಳಿಕೆಯಲ್ಲೇ. ಹನ್ನೆರಡು ಪುಟ ಬರೆದೆ. ಅರ್ಧಕ್ಕರ್ಧ, ಪ್ಲೇಸ್‌ಮೆಂಟ್ ಆದೇಶ ಕೊಟ್ಟ ಹಳೆಯ ತೀರ್ಪು ಎಷ್ಟು ತಪ್ಪು ಅನ್ನುವುದೇ. ಬ್ಯಾರಿಸ್ಟರ್ ಓದಿ ಏಳು ಪುಟಕ್ಕೆ ಗೀಟು ಎಳೆದರು. ಅದು ಮೇಲ್ಮನವಿಯಲ್ಲಿ ಹೇಳಬೇಕಾಗಿದ್ದ ಮಾತು. ಇಲ್ಲಿ ಕೋರ್ಟ್ ಮೊದಲು ಕೇಳುವುದು, ಪ್ಲೇಸ್‌ಮೆಂಟ್ ಆದೇಶದ ದಿನದಿಂದ ಈಚೆಗೆ ಪರಿಸ್ಥಿತಿ ಬದಲಾಗಿದೆಯೇ ಎಂದು.

ಆಮೇಲೆ ಹಳೆಯ ತೀರ್ಪನ್ನೇ ಮುಂದಿಟ್ಟುಕೊಂಡು ಕೂತೆವು. ನ್ಯಾಯಾಧೀಶರು ಹೆಸರಿಸಿದ ಒಂದೊಂದು ಆತಂಕವನ್ನೂ ಎಡಗಡೆ ಬರೆದು, ಅದಕ್ಕೆ ಉತ್ತರವಾಗುವ ಕಾಗದವನ್ನು ಬಲಗಡೆ ಬರೆದೆವು. ಮನೆಗೆ ಬಾಡಿಗೆ ಕರಾರು. ಸಂಗಾತಿ ಹತ್ತಿರ ಸುಳಿಯದಂತೆ ತಂದ ಆದೇಶ. ಕುಡಿತಕ್ಕೆ ಕೂದಲ ಪರೀಕ್ಷೆ: ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಕಳೆದ ಕೆಲವು ತಿಂಗಳ ಕುಡಿತದ ಒಂದು ಅಂದಾಜು ಸಿಗುತ್ತದೆ. ಚೀಲದಲ್ಲಿದ್ದ ಯೋಗ ತರಗತಿಯ ಸರ್ಟಿಫಿಕೇಟಿಗೆ ಎಡಗಡೆ ಸಾಲೇ ಇರಲಿಲ್ಲ, ಬಿಟ್ಟೆವು. ಮಗನ ಹುಟ್ಟುಹಬ್ಬದ ವಾರ ಮತ್ತೆ ಕುಡಿದಿದ್ದೆ ಎಂದು ಆಕೆ ಮೆಲ್ಲಗೆ ಹೇಳಿದ್ದನ್ನು ಮಾತ್ರ ಬಿಡಲಿಲ್ಲ. ಎದುರಿನವರ ಬಾಯಿಂದ ಬರುವ ಮುಂಚೆ ನಮ್ಮ ಬಾಯಿಂದಲೇ ಬರಲಿ ಅಂದೆ.

ಬದಲಾವಣೆ ಬೆಟ್ಟದಷ್ಟಿರಬೇಕಿಲ್ಲ, ಬಾಗಿಲು ತೆರೆಯುವಷ್ಟಿದ್ದರೆ ಸಾಕು ಎಂಬುದು 2007ರ ಒಂದು ಮೇಲ್ಮನವಿ ತೀರ್ಪಿನ ಸಾರ. ಆ ಹೊಸ್ತಿಲು ದಾಟಿದೆವು. ಕಷ್ಟವಿದ್ದದ್ದು ಅದರಾಚೆ. ಎರಡನೇ ಹಂತದಲ್ಲಿ ತೂಗುವುದು ಮಗುವಿನ ಜೀವಮಾನದ ಹಿತ. ಇಂಥ ಅರ್ಜಿಗಳಲ್ಲಿ ತಂದೆತಾಯಿಯರ ವಕೀಲರೆಲ್ಲ ಹಿಡಿದುಕೊಳ್ಳುವುದು ಬಿ-ಎಸ್ ಪ್ರಕರಣದ 2013ರ ತೀರ್ಪನ್ನು. ಮಗು ನಾಳೆಯೇ ತಾಯಿಯ ಮನೆಗೆ ಮರಳುತ್ತದೆಂದು ತೋರಿಸಬೇಕಿಲ್ಲ, ದತ್ತು ಆದೇಶವನ್ನು ವಿರೋಧಿಸಲು ಗಟ್ಟಿ ಆಧಾರವಿದ್ದರಾಯಿತು ಎನ್ನುತ್ತದೆ ಅದು. ಆದರೆ ಆ ಪ್ರಕರಣದ ತಾಯಿಯೇ ಗೆಲ್ಲಲಿಲ್ಲ. ಇದನ್ನು ನನ್ನ ಕಕ್ಷಿದಾರಳಿಗೆ ಮೊದಲ ವಾರವೇ ಹೇಳಿದ್ದೆ. ಮುಚ್ಚಿಟ್ಟಿದ್ದರೆ ಮುಖ ತೋರಿಸಲಾಗುತ್ತಿರಲಿಲ್ಲ.

ಆಕೆ ಚೇತರಿಸಿಕೊಂಡ ಒಂದೊಂದು ತಿಂಗಳೂ ಹುಡುಗ ಆ ಮನೆಯಲ್ಲಿ ಬೇರು ಬಿಟ್ಟ ತಿಂಗಳೇ. ನಮ್ಮ ಕಡತ ದಪ್ಪವಾದಷ್ಟೂ ಎದುರಿನವರ ವಾದ ಗಟ್ಟಿಯಾಗುತ್ತಿತ್ತು. ಈಗ ಯಾರಾದರೂ ಬಂದರೆ ನಾನು ಮೊದಲು ಕೇಳುವುದು, ಮಗು ಹೊಸ ಮನೆ ಸೇರಿದೆಯೇ ಎಂದು. ಸೇರಿಲ್ಲದಿದ್ದರೆ 24ನೇ ಕಲಮಿನಡಿ ಪ್ಲೇಸ್‌ಮೆಂಟ್ ಆದೇಶವನ್ನೇ ರದ್ದು ಮಾಡಿಸಲು ಅನುಮತಿ ಕೇಳಬಹುದು. ಅಲ್ಲೂ ಬದಲಾವಣೆ ತೋರಿಸಲೇಬೇಕು. ಸೇರಿದ ಮರುಕ್ಷಣ ಆ ದಾರಿ ಮುಚ್ಚುತ್ತದೆ.

ಅನುಮತಿ ಸಿಗಲಿಲ್ಲ. ಮಗನ ಹೊಸ ಮನೆಯವರೊಂದಿಗೆ ವರ್ಷಕ್ಕೊಂದು ಪತ್ರ ವಿನಿಮಯ ಎಂದಾಯಿತು. ಕೋರ್ಟಿನ ಹೊರಗೆ ಆಕೆ ಅಳಲಿಲ್ಲ. "ನಾನು ಕುಡಿತ ಬಿಟ್ಟ ಕಾಗದ ಅವನ ಫೈಲಲ್ಲಿ ಇರುತ್ತಾ?" ಎಂದು ಕೇಳಿದಳು. ದತ್ತಿನ ಕಡತವನ್ನು ಇಲ್ಲಿ 100 ವರ್ಷ ಕಾಪಿಡಬೇಕು, ಮಗ ದೊಡ್ಡವನಾದ ಮೇಲೆ ಕೇಳಿದರೆ ಕೊಡಲಿ ಎಂದು ತಾಯಿ ತನ್ನ ಕಾಗದಗಳನ್ನು ಅದಕ್ಕೆ ಸೇರಿಸಬಹುದು. ಮರುದಿನ ಬೆಳಿಗ್ಗೆ ಕೂದಲ ಪರೀಕ್ಷೆಯ ಫಲಿತಾಂಶ, ಆಕೆ ಕೈಬರಹದಲ್ಲಿ ಬರೆದ ಎರಡು ಪುಟ, ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕೌನ್ಸಿಲಿಗೆ ಕಳಿಸಿದೆ.