ಸಿಂಪ್ಸನ್ಸ್ ಕಾರ್ಟೂನಿನೊಳಗೆ ಸಿನಿಮಾ ಹುಡುಕುವ ನನ್ನ ಚಟ

ನಾನು ಕಾರ್ಟೂನ್ ಮೊದಲು ನೋಡಿ ಸಿನಿಮಾ ಆಮೇಲೆ ನೋಡಿದವನು. ‘ದಿ ಸಿಂಪ್ಸನ್ಸ್’ ಅನ್ನುವ ಅಮೆರಿಕದ ಟೀವಿ ಕಾರ್ಟೂನ್ ಬರೆದವರ ಲೆಕ್ಕ ಬೇರೆ ಇತ್ತು. ನೋಡುವವರಿಗೆ ಹಳೆಯ ಹಾಲಿವುಡ್ ಸಿನಿಮಾಗಳು ಗೊತ್ತಿರುತ್ತವೆ, ಅಣಕ ಕಂಡ ಕೂಡಲೇ ನಗುತ್ತಾರೆ ಅಂತ. ನನಗೆ ಆ ಸಿನಿಮಾಗಳ ಗಂಧಗಾಳಿಯೂ ಇರಲಿಲ್ಲ. ಆದರೂ ನಗು ಬರುತ್ತಿತ್ತು. ಆಮೇಲೆ ಒಂದೊಂದೇ ಹಳೆಯ ಸಿನಿಮಾ ನೋಡುತ್ತಾ ಹೋದಂತೆ, ಎಲ್ಲರೂ ಉಸಿರು ಬಿಗಿಹಿಡಿದು ಕೂತಿರುವ ಸೀನ್‌ನಲ್ಲಿ ನಾನೊಬ್ಬನೇ ಕಿಸಕ್ಕನೆ ನಗುವ ಹಾಗಾಯಿತು. ಪಕ್ಕದಲ್ಲಿ ಕೂತವರಿಗೆ ಏನಂತ ವಿವರಿಸೋದು? ಅದಕ್ಕೇ ಬರೆದಿಡಲು ಶುರು ಮಾಡಿದೆ. ಯಾವ ಎಪಿಸೋಡ್, ಯಾವ ಸೀನ್, ಎಲ್ಲಿಂದ ಬಂದದ್ದು.

ಬರೆಯುತ್ತಾ ಹೋದಂತೆ ಒಂದು ವಿಷಯ ಗಟ್ಟಿಯಾಯಿತು. ಒಳ್ಳೆಯ ರೆಫರೆನ್ಸ್ ಮಾತಿನಲ್ಲಿ ಇರುವುದು ಕಡಿಮೆ. ಅದು ಕ್ಯಾಮೆರಾ ಎಲ್ಲಿಟ್ಟಿದ್ದಾರೆ ಅನ್ನೋದರಲ್ಲಿ ಇರುತ್ತದೆ, ಹಿನ್ನೆಲೆ ಸಂಗೀತದಲ್ಲಿ ಇರುತ್ತದೆ. ಪಾತ್ರವೊಂದು ಸಿನಿಮಾದ ಹೆಸರು ಹೇಳಿದರೆ ಅದನ್ನು ನಾನು ನೋಟ್‌ಬುಕ್‌ನಲ್ಲಿ ಬರೆಯುವುದೂ ಇಲ್ಲ. ಅದು ಸುಮ್ನೆ ಹೆಸರು ಹೇಳಿದ್ದು, ಅಷ್ಟೇ.

ಸಿಂಪ್ಸನ್ಸ್ ಹುಟ್ಟಿದ್ದು 1987ರಲ್ಲಿ, ‘ದಿ ಟ್ರೇಸಿ ಉಲ್ಮನ್ ಶೋ’ ಅನ್ನುವ ಕಾರ್ಯಕ್ರಮದ ನಡುವೆ ಬರುವ ಪುಟ್ಟ ತುಣುಕುಗಳಾಗಿ. ಅರ್ಧ ಗಂಟೆಯ ಸೀರೀಸ್ ಆಗಿ ಫಾಕ್ಸ್ ಚಾನೆಲ್‌ನಲ್ಲಿ ಶುರುವಾದದ್ದು 1989ರ ಡಿಸೆಂಬರ್ 17ರಂದು. ಅಂದಿನಿಂದ ನಿಂತಿಲ್ಲ. ಎಲ್ಲವನ್ನೂ ಜಾಲಾಡಲು ಜನ್ಮ ಸಾಲದು. ನಾನು ಮೂರರಿಂದ ಎಂಟನೇ ಸೀಸನ್‌ವರೆಗೆ ಗೆರೆ ಎಳೆದುಕೊಂಡೆ. ಸಿನಿಮಾ ಅಣಕಗಳು ಜಾಸ್ತಿ ಇರುವುದೂ, ಚೆನ್ನಾಗಿರುವುದೂ ಅಲ್ಲೇ. ಅದರಾಚೆಯದನ್ನು ನೋಡುತ್ತೇನೆ, ಆದರೆ ನೋಟ್‌ಬುಕ್ ತೆರೆಯುವುದಿಲ್ಲ.

ನನ್ನ ಕ್ರಮ ಹೀಗೆ. ಮೊದಲ ಸಲ ಎಲ್ಲೂ ನಿಲ್ಲಿಸದೆ ನೋಡುತ್ತೇನೆ. ಎಲ್ಲಿ ನಗು ಬಂತು ಅನ್ನುವುದಷ್ಟೇ ನೆನಪಿಟ್ಟುಕೊಳ್ಳುತ್ತೇನೆ. ಎರಡನೇ ಸಲ ಪರದೆ ನೋಡುವುದೇ ಇಲ್ಲ, ಬರೀ ಕೇಳುತ್ತೇನೆ. ಮೂರನೇ ಸಲ ರಿಮೋಟ್ ಕೈಯಲ್ಲಿ ಹಿಡಿದು, ಅನುಮಾನ ಬಂದ ಕಡೆಯೆಲ್ಲ ನಿಲ್ಲಿಸಿ ನೋಡುತ್ತೇನೆ. ಅನುಮಾನ ಗಟ್ಟಿಯಾದರೆ ಮೂಲ ಸಿನಿಮಾ ಹುಡುಕಿ ಪೂರ್ತಿ ನೋಡುತ್ತೇನೆ. ಬರೀ ಆ ಒಂದು ಸೀನ್ ಅಲ್ಲ, ಪೂರ್ತಿ. ಈ ಕೊನೆಯ ಹಂತಕ್ಕೆ ಸೋಮಾರಿತನ ಮಾಡುವವರೇ ಹೆಚ್ಚು.

ಬರೀ ಕೇಳೋದು ಅಂದರೆ ನಗಬೇಡಿ. ನನಗೆ ಅತಿ ಹೆಚ್ಚು ಸಿಕ್ಕಿದ್ದೇ ಅದರಲ್ಲಿ. ಐದನೇ ಸೀಸನ್‌ನ ‘ಕೇಪ್ ಫಿಯರ್’ ಎಪಿಸೋಡ್ ತೆಗೆದುಕೊಳ್ಳಿ, 1993ರದ್ದು. ಜೈಲಿನಿಂದ ಹೊರಬಂದ ಸೈಡ್‌ಶೋ ಬಾಬ್ ಹುಡುಗ ಬಾರ್ಟ್‌ನನ್ನು ಕೊಲ್ಲಲು ಹೊರಡುತ್ತಾನೆ. ಕಥೆ ಬಂದದ್ದು 1962ರ ‘ಕೇಪ್ ಫಿಯರ್’ ಮತ್ತು 1991ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಮತ್ತೆ ತೆಗೆದ ಅದೇ ಹೆಸರಿನ ಸಿನಿಮಾದಿಂದ. 1962ರದ್ದಕ್ಕೆ ಸಂಗೀತ ಕೊಟ್ಟವರು ಬರ್ನಾರ್ಡ್ ಹೆರ್ಮನ್. 1991ರದ್ದಕ್ಕೆ ಎಲ್ಮರ್ ಬರ್ನ್‌ಸ್ಟೀನ್ ಅದೇ ಸಂಗೀತವನ್ನು ಒಗ್ಗಿಸಿ ಬಳಸಿದರು. ಕಾರ್ಟೂನಿನಲ್ಲೂ ಬಾಬ್ ಕಾಣಿಸಿಕೊಂಡ ಕೂಡಲೇ ಕೆಳಕ್ಕಿಳಿಯುವ ಆ ಭಾರದ ಸ್ವರಗಳೇ ಮೊಳಗುತ್ತವೆ. ಮುಂದಿನ ಸೀಸನ್‌ಗಳಲ್ಲಿ ಬಾಬ್ ಮತ್ತೆ ಬಂದಾಗಲೂ ಅದೇ. ಅಂದರೆ ಒಂದು ಸಿನಿಮಾದ ಸಂಗೀತ ಈ ಪಾತ್ರದ ಸ್ವಂತ ಸೊತ್ತೇ ಆಗಿಬಿಟ್ಟಿತು. ಕಣ್ಣು ತೆರೆದು ನೋಡುವಾಗ ಬಾಬ್‌ನ ಕೂದಲಿನ ಮೇಲೇ ಗಮನ ಹೋಗುತ್ತದೆ, ಇದು ಕಿವಿಗೆ ಬೀಳುವುದಿಲ್ಲ.

ಅದೇ ಎಪಿಸೋಡ್‌ನಲ್ಲಿ ಬಾಬ್ ಒಂದಾದ ಮೇಲೆ ಒಂದು ಕುಂಟೆಯ ಹಲ್ಲಿನ ಮೇಲೆ ಕಾಲಿಡುವುದು, ಹಿಡಿಕೆ ಎದ್ದು ಮುಖಕ್ಕೆ ಬಡಿಯುವುದು ಇದೆಯಲ್ಲ, ಒಟ್ಟು ಒಂಬತ್ತು ಸಲ. ಎಪಿಸೋಡ್ ನಿಗದಿತ ಸಮಯಕ್ಕಿಂತ ಚಿಕ್ಕದಾಯಿತು ಅಂತ ಎಳೆದದ್ದು ಅದು. ಯಾವ ಸಿನಿಮಾದ ರೆಫರೆನ್ಸೂ ಅಲ್ಲ. ಜನ ಇಂದಿಗೂ ನೆನೆಸಿಕೊಂಡು ನಗುವುದು ಅದಕ್ಕೇ! ಇಡೀ ಕಥೆಯನ್ನೇ ಎರವಲು ತಂದವರು ಸ್ವಂತದ್ದು ಹಾಕಿದಾಗ ಹೀಗೆ.

ಈಗ ನಾನು ಅತಿ ಹೆಚ್ಚು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ ಸೀನ್. 1994ರ ಹ್ಯಾಲೋವೀನ್ ಎಪಿಸೋಡ್, ‘ಟ್ರೀಹೌಸ್ ಆಫ್ ಹಾರರ್ 5’. ಮೊದಲ ಕಥೆಯೇ ಸ್ಟ್ಯಾನ್ಲಿ ಕೂಬ್ರಿಕ್ ಅವರ ‘ದಿ ಶೈನಿಂಗ್’ನ ಅಣಕ. ಮೂಲ 1980ರದ್ದು. ಅಲ್ಲಿ ಜ್ಯಾಕ್ ನಿಕಲ್ಸನ್ ಕೊಡಲಿಯಿಂದ ಬಾಗಿಲು ಒಡೆದು, ಆ ಸಂದಿನಲ್ಲಿ ಮುಖ ತೂರಿಸಿ, “ಹಿಯರ್ಸ್ ಜಾನಿ” ಅನ್ನುತ್ತಾರೆ. ಕಾರ್ಟೂನಿನಲ್ಲಿ ಬಾರ್ಟ್‌ನ ಅಪ್ಪ ಹೋಮರ್ ಹಾಗೇ ಬಾಗಿಲು ಒಡೆಯುತ್ತಾನೆ, ಹಾಗೇ ಮುಖ ತೂರಿಸುತ್ತಾನೆ, ಅದೇ ಮಾತು ಹೇಳುತ್ತಾನೆ. ಕೋಣೆಯಲ್ಲಿ ಯಾರೂ ಇಲ್ಲ. ಪೆಚ್ಚಾಗಿ ಇನ್ನೊಂದು ಬಾಗಿಲಿಗೆ ಹೋಗುತ್ತಾನೆ. ಈ ಸಲ ಟೀವಿಯ ರಾತ್ರಿ ಶೋ ನಿರೂಪಕ ಡೇವಿಡ್ ಲೆಟರ್‌ಮನ್ ಹೆಸರು ಕೂಗುತ್ತಾನೆ. ಒಳಗೆ ಕೂತ ಅಜ್ಜ ‘ನಮಸ್ಕಾರ ಡೇವಿಡ್, ನಾನು ಅಜ್ಜ’ ಅನ್ನುವ ಧಾಟಿಯಲ್ಲಿ ಉತ್ತರ ಕೊಡುತ್ತಾರೆ. ಮೂರನೇ ಬಾಗಿಲಿನ ಆಚೆ ಹೆಂಡತಿ ಮಕ್ಕಳು ಇದ್ದಾರೆ. ಅಲ್ಲಿ ಹೋಮರ್ ‘60 ಮಿನಿಟ್ಸ್’ ಅನ್ನುವ ಸುದ್ದಿ ಕಾರ್ಯಕ್ರಮದ ವರದಿಗಾರರ ಹೆಸರುಗಳನ್ನು, ಕಾರ್ಯಕ್ರಮದ ಆರಂಭದಲ್ಲಿ ಅವರೇ ಹೇಳಿಕೊಳ್ಳುವ ಹಾಗೆ, ಸಾಲಾಗಿ ಒದರುತ್ತಾನೆ.

ನಾನು ಮೊದಲು ಇದನ್ನು ‘ಶೈನಿಂಗ್ ಸಿನಿಮಾ’ ಅಂತ ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಲೆಟರ್‌ಮನ್ ಯಾಕೆ ಬಂದ? ಹಿಂದಕ್ಕೆ ಹೋದರೆ ಗೊತ್ತಾಗುತ್ತದೆ. ನಿಕಲ್ಸನ್ ಹೇಳುವ ಆ ಮಾತೇ ಸಿನಿಮಾದ್ದಲ್ಲ, ಟೀವಿಯದ್ದು. ಜಾನಿ ಕಾರ್ಸನ್ ‘ದಿ ಟುನೈಟ್ ಶೋ’ ನಡೆಸುತ್ತಿದ್ದದ್ದು 1962ರಿಂದ 1992ರವರೆಗೆ. ಅವರ ಜೊತೆಗಾರ ಎಡ್ ಮೆಕ್‌ಮಾನ್ ಪ್ರತಿ ರಾತ್ರಿ ಅವರನ್ನು ವೇದಿಕೆಗೆ ಕರೆಯುತ್ತಿದ್ದದ್ದು ಆ ಮಾತಿನಲ್ಲೇ, ರಾಗ ಎಳೆದು. ಕೊಲೆಗಾರನ ಬಾಯಲ್ಲಿ ಮನರಂಜನೆಯ ಕೂಗು ಹಾಕಿದ್ದೇ ಸಿನಿಮಾದ ಭಯ. ಸಿಂಪ್ಸನ್ಸ್ ತಂಡ ಆ ಕೂಗನ್ನು ಮತ್ತೆ ಟೀವಿಗೇ ತಂದು ಬಿಟ್ಟಿತು. ಕಾರ್ಸನ್ ಆದಮೇಲೆ ಇನ್ನೊಬ್ಬ ರಾತ್ರಿ ಶೋದವರು, ಆಮೇಲೆ ಸುದ್ದಿ ಕಾರ್ಯಕ್ರಮ. ಹೋಮರ್‌ಗೆ ಕೊಲ್ಲಲು ಹೊರಟಾಗಲೂ ಚಾನೆಲ್ ಬದಲಾಯಿಸುವುದು ಬಿಡುವುದಿಲ್ಲ. ಆ ಕಥೆಯಲ್ಲಿ ಅವನಿಗೆ ಹುಚ್ಚು ಹಿಡಿಯುವುದೇ ಟೀವಿ ಮತ್ತು ಬಿಯರ್ ಇಲ್ಲದೆ. ಹಾಗಾಗಿ ಈ ಮೂರು ಬಾಗಿಲು ಸುಮ್ನೆ ಹಾಕಿದ ಜೋಕ್ ಅಲ್ಲ, ಕಥೆಯೇ ಅದು.

ಇದಾದ ಮೇಲೆ ನೋಟ್‌ಬುಕ್‌ನಲ್ಲಿ ಇನ್ನೊಂದು ಕಾಲಂ ಎಳೆದೆ: ‘ಮೂಲಕ್ಕೂ ಮೂಲ ಇದೆಯಾ?’

ಯಾವುದನ್ನು ಬರೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನೋದಕ್ಕೂ ಒಂದು ನಿಯಮ ಮಾಡಿಕೊಂಡಿದ್ದೇನೆ. ಕನಿಷ್ಠ ಎರಡು ವಿಷಯ ಹೊಂದಬೇಕು. ಇಲ್ಲದಿದ್ದರೆ ಎಲ್ಲ ಮೆಟ್ಟಿಲೂ ಹಿಚ್‌ಕಾಕ್ ಮೆಟ್ಟಿಲಾಗಿ, ಎಲ್ಲ ಕಾರಿಡಾರೂ ಕೂಬ್ರಿಕ್ ಕಾರಿಡಾರಾಗಿ ಕಾಣಲು ಶುರುವಾಗುತ್ತದೆ. ಈ ಚಟ ಹತ್ತಿದವರಿಗೆಲ್ಲ ಬರುವ ಕಾಯಿಲೆ ಅದು. ‘ಬಾರ್ಟ್ ಆಫ್ ಡಾರ್ಕ್‌ನೆಸ್’ ನೋಡಿ. 1994ರಲ್ಲಿ ಆರನೇ ಸೀಸನ್ ಶುರುವಾದದ್ದು ಇದರಿಂದ. ಹುಡುಗನೊಬ್ಬ ಟೆಲಿಸ್ಕೋಪಿನಲ್ಲಿ ನೆರೆಮನೆ ನೋಡುತ್ತಾನೆ ಅನ್ನುವುದು ಒಂದೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಆದರೆ ಅವನ ಕಾಲು ಮುರಿದು ಪ್ಲಾಸ್ಟರ್ ಹಾಕಿದೆ. ಪಕ್ಕದ ಮನೆಯವನು ಹೆಂಡತಿಯನ್ನು ಕೊಂದಿದ್ದಾನೆ ಅಂತ ಅನುಮಾನ ಬೇರೆ. ಸಾಲದ್ದಕ್ಕೆ ನಿರ್ದೇಶಕ ಹಿಚ್‌ಕಾಕ್ ಅವರ ‘ರಿಯರ್ ವಿಂಡೋ’ದ ಜೇಮ್ಸ್ ಸ್ಟೀವರ್ಟ್ ಅವರ ಪಾತ್ರವನ್ನೇ ಬರೆದು ಎದುರಿನ ಕಿಟಕಿಯಲ್ಲಿ ಕೂರಿಸಿದ್ದಾರೆ. ಮೂಲ 1954ರದ್ದು. ಇಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಇನ್ನೊಂದು ಪರೀಕ್ಷೆ ಇದೆ, ಅದು ಗುಣಮಟ್ಟಕ್ಕೆ. ಮೂಲ ಗೊತ್ತಿಲ್ಲದವರಿಗೂ ನಗು ಬರುತ್ತದಾ? ನಾನೇ ಒಂದು ಕಾಲದಲ್ಲಿ ಗೊತ್ತಿಲ್ಲದವನಾದ್ದರಿಂದ ಇದಕ್ಕೆ ಉತ್ತರ ಸುಲಭ. 1992ರ ಎಪಿಸೋಡ್ ಒಂದರ ಆರಂಭದಲ್ಲಿ ಬಾರ್ಟ್ ಅಪ್ಪನ ಚಿಲ್ಲರೆ ತುಂಬಿದ ಜಾಡಿ ಕದ್ದು ಓಡುತ್ತಾನೆ. ಹಿಂದೆ ಹೋಮರ್ ಮೆಟ್ಟಿಲಿನಿಂದ ಉರುಳಿಕೊಂಡು ಬರುತ್ತಾನೆ. ಇದು ‘ರೇಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ನ ಉರುಳುವ ಬಂಡೆ. ಆ ಬಂಡೆಯ ವಿಷಯ ಗೊತ್ತಿಲ್ಲದಿದ್ದರೂ ದಪ್ಪ ಹೊಟ್ಟೆಯ ಅಪ್ಪ ಚಡ್ಡಿಯಲ್ಲಿ ಉರುಳಿಕೊಂಡು ಬಂದರೆ ನಗು ಬಂದೇ ಬರುತ್ತದೆ. ಗೊತ್ತಿದ್ದರೆ ಇನ್ನೊಂದು ನಗು ಸೇರುತ್ತದೆ. ಹೊಸ ಸೀಸನ್‌ಗಳಲ್ಲಿ ಇಡೀ ಸಿನಿಮಾವನ್ನು ಇದ್ದಹಾಗೇ ನಕಲು ಮಾಡಿ, ಪಾತ್ರಗಳನ್ನಷ್ಟೇ ಬದಲಿಸಿದ ಎಪಿಸೋಡ್‌ಗಳು ಇವೆ. ಅಲ್ಲಿ ಮೂಲ ಗೊತ್ತಿಲ್ಲದವನು ಪಿಳಿಪಿಳಿ ನೋಡಬೇಕು, ಗೊತ್ತಿರುವವನು ಹೌದು ಹೌದು ಅಂತ ತಲೆಯಾಡಿಸಬೇಕು. ನನಗೆ ಅವು ಸೇರುವುದಿಲ್ಲ.

ಹಳೆಯ ಸಿನಿಮಾಗಳೇ ಯಾಕೆ ಜಾಸ್ತಿ ಅಂತ ಕೇಳುತ್ತಾರೆ. ಬರೆದವರ ರುಚಿ ಒಂದು ಕಾರಣ. ಇನ್ನೊಂದು ಕೆಲಸದ ಕ್ರಮ. ಒಂದು ಎಪಿಸೋಡ್ ಬರೆದು, ದನಿ ಕೊಟ್ಟು, ಚಿತ್ರ ಬಿಡಿಸಿ, ಅಮೆರಿಕದಿಂದ ದಕ್ಷಿಣ ಕೊರಿಯಾದ ಸ್ಟುಡಿಯೋಗೆ ಕಳಿಸಿ ಅನಿಮೇಷನ್ ಮಾಡಿಸಿ ಪ್ರಸಾರಕ್ಕೆ ತರಲು ತಿಂಗಳುಗಟ್ಟಲೆ ಬೇಕು. ಈ ವಾರದ ಸುದ್ದಿಯನ್ನು ಹಿಡಿದು ಜೋಕ್ ಮಾಡಿದರೆ ಪರದೆಗೆ ಬರುವ ಹೊತ್ತಿಗೆ ಹಳಸಿರುತ್ತದೆ. 1941ರ ಸಿನಿಮಾ ಹಳಸುವುದಿಲ್ಲ. 1997ರಲ್ಲಿ ಬಂದ ‘ಸೌತ್ ಪಾರ್ಕ್’ ಅನ್ನುವ ಇನ್ನೊಂದು ಕಾರ್ಟೂನ್ ಸಾಮಾನ್ಯವಾಗಿ ಆರೇ ದಿನದಲ್ಲಿ ಒಂದು ಎಪಿಸೋಡ್ ಮುಗಿಸುತ್ತಿತ್ತು. ಅದಕ್ಕೇ ಅದರ ರೆಫರೆನ್ಸ್‌ಗಳೆಲ್ಲ ಅವತ್ತವತ್ತಿನವು. ಅದಕ್ಕೂ ಒಂದು ನೋಟ್‌ಬುಕ್ ಮಾಡಲು ಹೊರಟಿದ್ದೆ, ಆದರೆ ಸಿನಿಮಾ ನೋಡುವ ಬದಲು ಹಳೆಯ ಪತ್ರಿಕೆ ಓದಬೇಕಾಗುತ್ತದೆ. ನನ್ನ ಆಸಕ್ತಿ ಅದಲ್ಲ.

ನಿಲ್ಲಿಸಿ ನೋಡುವವರಿಗೆ ಒಂದು ಎಚ್ಚರಿಕೆ. 2009ರ ಆರಂಭದವರೆಗೆ ಈ ಸೀರೀಸ್ ಮಾಡಿದ್ದು ಹಳೆಯ ಟೀವಿಯ ಚೌಕದಂಥ 4:3 ಅಳತೆಯಲ್ಲಿ. 2019ರಲ್ಲಿ ಡಿಸ್ನಿ ಪ್ಲಸ್ ಸ್ಟ್ರೀಮಿಂಗ್‌ಗೆ ಬಂದಾಗ ಅಗಲ ಪರದೆಗೆ ಹೊಂದಲಿ ಅಂತ ಮೇಲೆ ಕೆಳಗೆ ಕತ್ತರಿಸಿಬಿಟ್ಟರು. 1993ರ ಎಪಿಸೋಡ್ ಒಂದರಲ್ಲಿ ಡಫ್ ಬಿಯರ್ ಕಾರ್ಖಾನೆ ತೋರಿಸುತ್ತಾರೆ. ಬೇರೆ ಬೇರೆ ಹೆಸರಿನ ಮೂರು ಟ್ಯಾಂಕ್, ಮೂರಕ್ಕೂ ಮೇಲಿನಿಂದ ಒಂದೇ ಪೈಪ್. ಜೋಕೇ ಆ ಪೈಪ್. ಕತ್ತರಿಸಿದ ಚಿತ್ರದಲ್ಲಿ ಪೈಪೇ ಇಲ್ಲ! ಜನ ಗಲಾಟೆ ಮಾಡಿದ ಮೇಲೆ 2020ರಲ್ಲಿ ಮೂಲ ಅಳತೆ ಆರಿಸಿಕೊಳ್ಳುವ ಸೌಲಭ್ಯ ಕೊಟ್ಟರು. ಸೆಟ್ಟಿಂಗ್ ಒಮ್ಮೆ ನೋಡಿಕೊಳ್ಳಿ. ಚೌಕಟ್ಟಿನ ಮೇಲುಗಡೆ ಏನಿದೆ ಅಂತ ಕಾಣದೆ ಕ್ಯಾಮೆರಾ ಕೋನ ಹೋಲಿಸಲು ಆಗುವುದಿಲ್ಲ.

ಟೈಟಲ್ ಕಾರ್ಡ್ ಓದುವ ಅಭ್ಯಾಸವೂ ತಡವಾಗಿ ಬಂತು, ಆದರೆ ಚೆನ್ನಾಗಿ ಫಲ ಕೊಟ್ಟಿತು. ಪುಟ ತುಂಬ ಗುರುತು ಬಿದ್ದ ಎಪಿಸೋಡ್‌ಗಳ ನಿರ್ದೇಶಕರ ಹೆಸರು ಬರೆಯುತ್ತಾ ಹೋದಾಗ ರಿಚ್ ಮೂರ್ ಮತ್ತೆ ಮತ್ತೆ ಬಂದರು. ‘ಕೇಪ್ ಫಿಯರ್’ ಅವರದು. ಮೋನೊರೈಲ್ ಎಪಿಸೋಡ್ ಅವರದು. ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಮಾರ್ಜ್’ ಕೂಡ. ಮುಂದೆ ‘ಝೂಟೋಪಿಯಾ’ ನಿರ್ದೇಶಿಸಿದ ಇಬ್ಬರಲ್ಲಿ ಒಬ್ಬರು ಇವರೇ. ಇನ್ನೊಂದು ಹೆಸರು ಜಿಮ್ ರಿಯರ್ಡನ್. ಮೇಲೆ ಹೇಳಿದ ಟೆಲಿಸ್ಕೋಪ್ ಅವರದು, ಉರುಳುವ ಹೋಮರ್ ಕೂಡ ಅವರದೇ. ಬರಹಗಾರರಿಗೆ ಸಿಗುವ ಹೊಗಳಿಕೆಯಲ್ಲಿ ಅರ್ಧ ಇವರಿಗೆ ಸಲ್ಲಬೇಕು ಅಂತ ನನ್ನ ಅನಿಸಿಕೆ.

‘ಸ್ಟ್ರೀಟ್‌ಕಾರ್’ ಎಪಿಸೋಡ್ ಬಗ್ಗೆ ಸ್ವಲ್ಪ ಹೇಳಲೇಬೇಕು. 1992ರದ್ದು. ಅಮ್ಮ ಮಾರ್ಜ್ ನಾಟಕದ ತಾಲೀಮಿಗೆ ಹೋಗುತ್ತಾಳೆ, ಕೂಸು ಮ್ಯಾಗಿಯನ್ನು ಶಿಶುವಿಹಾರದಲ್ಲಿ ಬಿಡುತ್ತಾರೆ. ಅಲ್ಲಿ ಮಕ್ಕಳ ನಿಪ್ಪಲ್‌ಗಳನ್ನೆಲ್ಲ ಕಿತ್ತುಕೊಂಡು ಬೀಗ ಹಾಕಿದ್ದಾರೆ. ಮ್ಯಾಗಿ ಅವನ್ನು ಬಿಡಿಸಲು ಹೊರಡುತ್ತಾಳೆ. ಮಾತು ಬಾರದ ಮಗು, ಹಾಗಾಗಿ ಎಲ್ಲವೂ ಚಿತ್ರ ಮತ್ತು ಸಂಗೀತದಲ್ಲೇ. ಸಂಗೀತ 1963ರ ‘ದಿ ಗ್ರೇಟ್ ಎಸ್ಕೇಪ್’ನದ್ದು, ಮತ್ತೆ ಅದೇ ಎಲ್ಮರ್ ಬರ್ನ್‌ಸ್ಟೀನ್. ಸಿಕ್ಕಿಬಿದ್ದಾಗ ಅವಳನ್ನು ಒಂಟಿ ಜಾಗದಲ್ಲಿ ಕೂರಿಸುತ್ತಾರೆ. ಅವಳು ಎದುರಿಗೆ ಚೆಂಡು ಬಡಿಯುತ್ತಾ ಕೂರುತ್ತಾಳೆ, ಸಿನಿಮಾದಲ್ಲಿ ಸ್ಟೀವ್ ಮೆಕ್‌ಕ್ವೀನ್ ಒಂಟಿ ಕೋಣೆಯಲ್ಲಿ ಕೂತ ಹಾಗೆ. ಕೊನೆಗೆ ಹೋಮರ್ ಕರೆದುಕೊಂಡು ಹೋಗಲು ಬರುತ್ತಾನೆ. ಎಲ್ಲಿ ನೋಡಿದರೂ ಕೂಸುಗಳು, ನೂರಾರು ಬಾಯಿಯಿಂದ ಚೀಪುವ ಸದ್ದು. ಅವನು ಮೆಲ್ಲಗೆ ಹೆಜ್ಜೆ ಇಡುತ್ತಾ ಮ್ಯಾಗಿಯನ್ನು ಎತ್ತಿಕೊಂಡು ಹೊರಬರುತ್ತಾನೆ. ಇದು ಅದೇ 1963ರ ಹಿಚ್‌ಕಾಕ್ ಸಿನಿಮಾ ‘ದಿ ಬರ್ಡ್ಸ್’, ಅಲ್ಲಿ ಕೂಸುಗಳ ಜಾಗದಲ್ಲಿ ಹಕ್ಕಿಗಳು. ಅಷ್ಟರಲ್ಲಿ ಹೊರಗೆ ಹಿಚ್‌ಕಾಕ್ ಎರಡು ನಾಯಿ ಹಿಡಿದುಕೊಂಡು ನಡೆದು ಹೋಗುತ್ತಾರೆ, ತಮ್ಮ ಸಿನಿಮಾದಲ್ಲಿ ಹೋದ ಹಾಗೆಯೇ. ಒಂದೇ ಒಂದು ಕ್ಷಣ. ರಿಮೋಟ್ ಕೈಯಲ್ಲಿದ್ದರೆ ಇಲ್ಲಿ ನಿಲ್ಲಿಸಿ.

ದನಿಯೇ ರೆಫರೆನ್ಸ್ ಆಗುವುದೂ ಉಂಟು. 1991ರ ‘ಲೀಸಾಸ್ ಸಬ್‌ಸ್ಟಿಟ್ಯೂಟ್’ನಲ್ಲಿ ಟೀಚರೊಬ್ಬಳು ಹೊಸ ಮೇಷ್ಟ್ರನ್ನು ಮರುಳು ಮಾಡಲು ಕಾಲು ಚಾಚುತ್ತಾಳೆ. ‘ದಿ ಗ್ರ್ಯಾಜುಯೇಟ್’ ನೋಡಿದವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ತಮಾಷೆ ಅಂದರೆ ಮೇಷ್ಟ್ರಿಗೆ ದನಿ ಕೊಟ್ಟವರು ಆ ಸಿನಿಮಾದ ನಾಯಕ ಡಸ್ಟಿನ್ ಹಾಫ್‌ಮನ್. ಟೈಟಲ್‌ನಲ್ಲಿ ಹಾಕಿದ್ದು ಸುಳ್ಳು ಹೆಸರು. ಖಾಯಂ ಪಾತ್ರಗಳಲ್ಲೂ ಇಂಥವು ಇವೆ. ಪೊಲೀಸ್ ಮುಖ್ಯಸ್ಥ ವಿಗ್ಗಮ್‌ನ ದನಿ ಹಳೆಯ ನಟ ಎಡ್ವರ್ಡ್ ಜಿ. ರಾಬಿನ್‌ಸನ್ ಅವರ ಧಾಟಿಯದು.

ಶುರು ಮಾಡುವವರಿಗೆ ಕ್ರಮದ ಬಗ್ಗೆ ಒಂದು ಮಾತು. ಕಾರ್ಟೂನ್ ಮೊದಲೋ ಸಿನಿಮಾ ಮೊದಲೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಯಾವುದಾದರೂ ನಡೆಯುತ್ತದೆ. ಒಂದನ್ನು ಬಿಟ್ಟು. 1993ರ ‘ರೋಸ್‌ಬಡ್’ನಲ್ಲಿ ಮುದುಕ ಬರ್ನ್ಸ್ ಬಾಲ್ಯದಲ್ಲಿ ಕಳೆದುಕೊಂಡ ಬೊಂಬೆ ಕರಡಿಗಾಗಿ ಹಂಬಲಿಸುತ್ತಾನೆ. ಅದು 1941ರ ‘ಸಿಟಿಜನ್ ಕೇನ್’ನ ಅಣಕ. ಸಿನಿಮಾ ಎರಡು ಗಂಟೆ ಮುಚ್ಚಿಟ್ಟುಕೊಳ್ಳುವ ಗುಟ್ಟಿನ ಜಾಡನ್ನು ಕಾರ್ಟೂನ್ ಮೊದಲ ಕೆಲವು ನಿಮಿಷದಲ್ಲೇ ಬಿಟ್ಟುಕೊಡುತ್ತದೆ. ಅದನ್ನು ಮಾತ್ರ ಸಿನಿಮಾ ಮುಗಿಸಿಯೇ ನೋಡಿ.