ಮೊಟ್ಟೆ ನಿಲ್ಲಿಸಿ ಹೇಂಟೆ ಉಳಿಸಿಕೊಂಡದ್ದು

ಮತ್ತೆ ಮತ್ತೆ ಮೊಟ್ಟೆ ಹೊರಬರದೆ ಒಳಗೇ ಸಿಕ್ಕಿಕೊಳ್ಳುವ ಹೇಂಟೆ ಉಳಿಯುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನಮ್ಮ ಹೇಂಟೆ ಕೆಂಚಿಯ ವಿಷಯದಲ್ಲಿ ನನಗೆ ಇದನ್ನು ಹೇಳದವರೇ ಇಲ್ಲ. ಇಪ್ಪತ್ತು ವರ್ಷದಿಂದ ಕೋಳಿ ಸಾಕುತ್ತಿರುವವರೂ ಹೇಳಿದರು, ಮೊದಲು ನೋಡಿದ ಪಶುವೈದ್ಯರೂ ಹೇಳಿದರು. ಆ ಮಾತು ಕೇಳಿ ಹೆಚ್ಚುಕಡಿಮೆ ಎರಡು ವರ್ಷವಾಯಿತು. ಕೆಂಚಿ ಇವತ್ತಿಗೂ ಮಣ್ಣು ಕೆದಕಿಕೊಂಡು ಓಡಾಡುತ್ತಿದೆ, ಜುಟ್ಟು ಕೆಂಪಗಿದೆ, ತೂಕ 2 ಕಿಲೋಗೆ ಸ್ವಲ್ಪ ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಿಕ್ಕಿಕೊಂಡ ಮೊಟ್ಟೆಯನ್ನು ಹೊರಗೆ ತರುವುದು ಕೋಳಿ ಸಾಕುವವರಿಗೆಲ್ಲ ಗೊತ್ತಿರುವ ಕೆಲಸ. ಸುಮಾರು 40 ಡಿಗ್ರಿ ಬಿಸಿಯ ನೀರಿನಲ್ಲಿ ಹೊಟ್ಟೆ ಮುಳುಗುವಂತೆ ಕೂರಿಸುವುದು, ದ್ರವ ಕ್ಯಾಲ್ಸಿಯಂ, ಮೊಟ್ಟೆ ಜಾರಲು ಜೆಲ್ಲಿ, ಆಮೇಲೆ ಕತ್ತಲೆಯ ಪೆಟ್ಟಿಗೆ. ಹೊಟ್ಟೆ ಹಿಸುಕಬಾರದು, ಒಳಗೆ ಮೊಟ್ಟೆ ಒಡೆಯಬಾರದು. ಕೆಂಚಿಗೆ ಇದೆಲ್ಲ ಪ್ರತಿ ಸಲವೂ ಫಲಿಸಿತು. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಪಾಡು. ಕೊನೆಕೊನೆಗೆ ಮೊಟ್ಟೆಯ ಜೊತೆ ಅದು ಇಳಿದು ಬರುವ ನಾಳವೂ ಹೊರಗೆ ಬರತೊಡಗಿತು. ಉಪ್ಪುನೀರಿನಲ್ಲಿ ತೊಳೆದು, ಬಾವು ಇಳಿಯಲು ಸಕ್ಕರೆ ಹಚ್ಚಿ ಒಳಗೆ ತಳ್ಳುತ್ತಿದ್ದೆ. ಬೇರೆ ಕೋಳಿಗಳು ಕೆಂಪು ಕಂಡರೆ ಕುಕ್ಕದೆ ಬಿಡುವುದಿಲ್ಲವಾದ್ದರಿಂದ ಅದನ್ನು ಬೇರೆಯೇ ಇಡಬೇಕಾಯಿತು.

ಇನ್ನು ಹಣದ ಲೆಕ್ಕ. ಎಕ್ಸ್‌ರೇ, ಆ್ಯಂಟಿಬಯಾಟಿಕ್, ನೋವಿನ ಔಷಧಿ, ನಾಳ ಜಾರದಂತೆ ಸುತ್ತ ಹಾಕಿದ ಹೊಲಿಗೆ. ಎಲ್ಲ ಸೇರಿಸಿದರೆ ಆ ದುಡ್ಡಿಗೆ ಹೊಸ ಹೇಂಟೆಗಳು ಹದಿನೈದಾದರೂ ಬರುತ್ತಿದ್ದವು. ಹೊಲಿಗೆಯಂತೂ ಪೂರ್ತಿ ದಂಡ. ಹಾಕಿದ ಮರುದಿನವೇ ಮೊಟ್ಟೆ ಬಂದು ತಡೆಯಿತು, ಹಕ್ಕಿ ಮುಕ್ಕರಿದು ಮುಕ್ಕರಿದು ಸುಸ್ತಾಯಿತು, ಹಾಕಿಸಿದ್ದನ್ನು ಬಿಚ್ಚಿಸಲು ಮತ್ತೆ ದುಡ್ಡು ಕೊಟ್ಟೆ. ಎಕ್ಸ್‌ರೇಗೆ ಕೊಟ್ಟದ್ದಕ್ಕೆ ಮಾತ್ರ ನನಗೆ ಬೇಸರವಿಲ್ಲ. ಹೊಟ್ಟೆಯಲ್ಲಿ ಬಿಡಿಯಾಗಿ ಬಿದ್ದ ಮೊಟ್ಟೆಗಳಿಲ್ಲ, ನೀರು ತುಂಬಿಲ್ಲ ಎಂದು ತಿಳಿದದ್ದು ಅದರಿಂದಲೇ. ಮುಂದಿನದೆಲ್ಲ ನಿಂತಿರುವುದು ಆ ಒಂದು ಚಿತ್ರದ ಮೇಲೆ.

ಆಗಲೇ ನನಗೆ ಹೊಳೆದದ್ದು: ನಾನು ಓಡುತ್ತಿರುವುದು ಬರುವ ಮೊಟ್ಟೆಯ ಹಿಂದೆ, ನಿಲ್ಲಿಸಬೇಕಾದದ್ದು ಮೊಟ್ಟೆಯನ್ನೇ. ವರ್ಷಕ್ಕೆ 300ರ ಆಸುಪಾಸು ಮೊಟ್ಟೆಗೆಂದೇ ಬೆಳೆಸಿದ ತಳಿ ಅದು. ಒಂದು ಮೊಟ್ಟೆ ತಯಾರಾಗಲು 25 ಗಂಟೆ, ಅದರಲ್ಲಿ 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಗಾಯಗೊಂಡ ನಾಳಕ್ಕೆ ಒಂದು ದಿನವೂ ಬಿಡುವಿಲ್ಲದಿದ್ದರೆ ಅದು ಮಾಯುವುದಾದರೂ ಯಾವಾಗ?

ಚರ್ಮದಡಿ ಇಡುವ ಹಾರ್ಮೋನ್ ಇಂಪ್ಲಾಂಟ್ ಬಗ್ಗೆ ವಿಚಾರಿಸಿದೆ. ಡೆಸ್ಲೊರೆಲಿನ್ ಎಂಬುದನ್ನು ಹಾಕಿದರೆ ಕೆಲವು ತಿಂಗಳು ಮೊಟ್ಟೆ ನಿಲ್ಲುತ್ತದೆ, ನಿಜ. ಆದರೆ ಅವಧಿ ಮುಗಿದಂತೆಲ್ಲ ಮತ್ತೆ ಹಾಕಿಸಬೇಕು, ಅಲ್ಲಿಯವರೆಗಿನ ಖರ್ಚೆಲ್ಲ ಅದರ ಮುಂದೆ ಸಣ್ಣದು. ಮೇಲಾಗಿ ಅದನ್ನು ಕೋಳಿಗೆ ಬಳಸಲು ಎಲ್ಲ ದೇಶಗಳಲ್ಲೂ ಬಿಡುವುದಿಲ್ಲ. ಹಾಗಾಗಿ ಬೆಳಕನ್ನೇ ಕಡಿತ ಮಾಡಲು ಹೊರಟೆ. 14-16 ಗಂಟೆ ಬೆಳಕಿದ್ದರೆ ಹೇಂಟೆ ಚೆನ್ನಾಗಿ ಇಡುತ್ತದೆ, ಅದನ್ನು 8 ಗಂಟೆಗೆ ಇಳಿಸಿದರೆ ಇಡುವುದು ಕಡಿಮೆಯಾಗುತ್ತದೆ, ಬಹಳ ಸಲ ನಿಂತೇ ಹೋಗುತ್ತದೆ. ಫಾರಂಗಳಲ್ಲಿ ಹಳೇ ಪುಕ್ಕ ಉದುರಿಸಿ ಕೋಳಿಗೆ ಬಿಡುವು ಕೊಡಲು ಮೇವಿನ ಬದಲಾವಣೆಯ ಜೊತೆ ಇದನ್ನೂ ಮಾಡುತ್ತಾರೆ. ಮನೆಯ ಒಂಟಿ ಹೇಂಟೆಗೆ ಇದು ಆಗದು, ಕೊರಗಿ ಸಾಯುತ್ತದೆ ಎಂದರು. ಕೊರಗಲಿಲ್ಲ. ಗೂಡನ್ನು ಎರಡು ಭಾಗ ಮಾಡಿ, ನಡುವೆ ಜಾಲರಿ ಕಟ್ಟಿ, ಆಚೆ ಒಂದು ಸಾಧು ಹೇಂಟೆಯನ್ನು ಬಿಟ್ಟಿದ್ದೆ.

ಮೊದಲ ಸುತ್ತು ಫಲಿಸಲಿಲ್ಲ. ರಾತ್ರಿ ಬೆಚ್ಚಗಿರಲೆಂದು ಕೆಂಪು ಬಲ್ಬ್ ಹಾಕಿದ್ದೆ. ಕೆಂಪು ಬೆಳಕು ಕೋಳಿಗೆ ಕತ್ತಲೆಯಿದ್ದಂತೆ ಎಂದು ಬಹಳ ಜನ ಹೇಳುತ್ತಾರೆ. ಅದು ಸುಳ್ಳು. ಕೆಂಪು ಬೆಳಕು ತಲೆಬುರುಡೆಯನ್ನೇ ದಾಟಿ ಮಿದುಳಿಗೆ ತಟ್ಟುತ್ತದೆ, ಮೊಟ್ಟೆಗೆ ಅದೇ ಹೆಚ್ಚು ಪ್ರಚೋದನೆ. ಕೆಂಚಿ ಆ ಬಲ್ಬಿನ ಕೆಳಗೇ ಗಟ್ಟಿ ಚಿಪ್ಪಿಲ್ಲದ ಎರಡು ತೊಗಲು ಮೊಟ್ಟೆ ಇಟ್ಟಿತು. ಬಲ್ಬ್ ತೆಗೆದು, ಬೆಳಕಿಲ್ಲದ ಹೀಟರ್ ಇಟ್ಟೆ. ಇನ್ನೊಂದು ಕಾಟ ಬಿರುಕುಗಳದ್ದು. ಹಗಲು ಹೊತ್ತಿನಲ್ಲಿ ಗೂಡಿನೊಳಗೆ ತಲೆ ತೂರಿಸಿ, ಬಾಗಿಲು ಮುಚ್ಚಿಸಿಕೊಂಡು ನೋಡಿ, ಎಷ್ಟು ಕಡೆಯಿಂದ ಬೆಳಕು ಸೋರುತ್ತದೆ ಎಂದು ಆಗ ಕಾಣುತ್ತದೆ. ಗಾಳಿ ಆಡಬೇಕು, ಬೆಳಕು ನುಸುಳಬಾರದು. ಅಂಥ ಕಿಂಡಿ ಮಾಡಲು ನಾನೊಂದು ಉಪಾಯ ಕಂಡುಕೊಂಡಿದ್ದೇನೆ, ಸದ್ಯಕ್ಕೆ ಅದು ನನ್ನ ಬಳಿಯೇ ಇರಲಿ.

ಜೊತೆಗೆ ಮೇವನ್ನೂ ಬದಲಿಸಿದೆ. ಮೊಟ್ಟೆ ನಿಲ್ಲುವವರೆಗೆ ಕಪ್ಪೆಚಿಪ್ಪು ಬೇಕೇ ಬೇಕು, ನಿಂತ ಮೇಲೆ ಮೊಟ್ಟೆಕೋಳಿಗಳಿಗೆಂದೇ ಮಾಡಿದ ಲೇಯರ್ ಮೇವೂ ಬೇಡ. ಅದರಲ್ಲಿ ಕ್ಯಾಲ್ಸಿಯಂ ಶೇಕಡಾ 4ರ ಹತ್ತಿರ ಇರುತ್ತದೆ. ಇಡದ ಹಕ್ಕಿಗೆ ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ಮೂತ್ರಪಿಂಡ ಕೆಡಬಹುದು. ಸಾದಾ ಕಾಳು, ಹೊಟ್ಟು, ಸೊಪ್ಪಿಗೆ ಇಳಿಸಿದೆ. ದಿನ ಬಿಟ್ಟು ದಿನ ತೂಗುತ್ತಿದ್ದೆ, ಎದೆಮೂಳೆ ಮುಟ್ಟಿ ನೋಡುತ್ತಿದ್ದೆ. ಸುಮಾರು 200 ಗ್ರಾಂ ಇಳಿದಾಗ ಮೇವು ಸ್ವಲ್ಪ ಹೆಚ್ಚಿಸಿದೆ. ಬೊಜ್ಜು ಕರಗಿದ್ದೂ ಅರ್ಧ ಚಿಕಿತ್ಸೆ ಎಂದೇ ನನ್ನ ಅಂದಾಜು.

ಎರಡನೇ ಸುತ್ತಿನಲ್ಲಿ ಹತ್ತು-ಹನ್ನೆರಡು ದಿನಕ್ಕೆ ಮೊಟ್ಟೆ ನಿಂತಿತು. ಆಮೇಲೆ ಕುತ್ತಿಗೆಯಿಂದ ಪುಕ್ಕ ಉದುರಲು ಶುರುವಾಯಿತು. ಅದನ್ನು ನೋಡಿ ನನಗಾದಷ್ಟು ಸಂತೋಷ ಬೇರೆ ಯಾರಿಗೂ ಆಗಿರಲಾರದು. ಪುಕ್ಕ ಉದುರುವ ಹೊತ್ತಿಗೆ ಒಳಗೆ ನಾಳವೂ ಕುಗ್ಗಿ ಸಣ್ಣದಾಗುತ್ತದೆ, ನನಗೆ ಬೇಕಿದ್ದದ್ದು ಅದೇ ಬಿಡುವು. ಎರಡು ತಿಂಗಳಿಗೂ ಹೆಚ್ಚು ಹಾಗೇ ಇಟ್ಟೆ. ನಾಳ ಮತ್ತೆ ಹೊರಬರಲಿಲ್ಲ.

ಈ ನಡುವೆ ಮೊಟ್ಟೆಯ ಚಿಪ್ಪಿನ ಮೇಲೂ ಒಂದು ಪ್ರಯೋಗ ಮಾಡಿದೆ, ಬೇರೆ ಹೇಂಟೆಗಳ ಮೇಲೆ. ಒಂದು ಗುಂಪಿಗೆ ಕಪ್ಪೆಚಿಪ್ಪಿನ ನುಣ್ಣನೆ ಪುಡಿ, ಇನ್ನೊಂದಕ್ಕೆ ದಪ್ಪ ಚೂರು. ದಪ್ಪ ಚೂರು ತಿಂದವುಗಳ ಚಿಪ್ಪು ಕೈಗೇ ಗಟ್ಟಿ ಸಿಕ್ಕಿತು. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ. ದಪ್ಪ ಚೂರು ಕಲ್ಲುಚೀಲದಲ್ಲಿ ಉಳಿದು ಆ ಹೊತ್ತಿಗೆ ನಿಧಾನವಾಗಿ ಕರಗುತ್ತದೆ. ಸಂಜೆ ಕೊಡುವುದೇ ಸರಿ.

ಆದರೆ ಎಲ್ಲ ಹೇಂಟೆಗೂ ಇದನ್ನು ಮಾಡಲು ಹೋಗಬೇಡಿ. ನನ್ನ ಇನ್ನೊಂದು ಹೇಂಟೆ ಹೊಟ್ಟೆ ಜೋತುಬಿದ್ದು, ಪೆಂಗ್ವಿನ್ನಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಹಳದಿ ಭಾಗ ಹೊಟ್ಟೆಯೊಳಗೆ ಸೋರಿ ಸೋಂಕಾಗಿತ್ತು. ಕತ್ತಲೆಯಲ್ಲಿಟ್ಟೆ, ವೈದ್ಯರು ನೀರು ತೆಗೆದರು, ಔಷಧಿ ಕೊಟ್ಟರು, ಅದು ಉಳಿಯಲಿಲ್ಲ. ಗಿಣ್ಣಿನಂಥ ಪದರ ಪದರದ ಗಡ್ಡೆ ಹೊರಬಿದ್ದರೆ ಅದು ನಾಳದ ಸೋಂಕು. ಅಲ್ಲಿ ಬೆಳಕು ಕಡಿಮೆ ಮಾಡಿಕೊಂಡು ಕಾಯಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಆ್ಯಂಟಿಬಯಾಟಿಕ್ ಕೊಟ್ಟಾಗ ಎಷ್ಟು ದಿನದ ಮೊಟ್ಟೆ ಎಸೆಯಬೇಕೆಂದೂ ಅವರನ್ನೇ ಕೇಳಿ.

ಕೆಂಚಿಗೆ ಈಗ ವರ್ಷವಿಡೀ 9-10 ಗಂಟೆ ಬೆಳಕು. ಅಪರೂಪಕ್ಕೊಂದು ಮೊಟ್ಟೆ ಇಡುತ್ತದೆ, ಚಿಪ್ಪು ನಯವಾಗಿದೆ, ತಾನೇ ಇಟ್ಟು ಎದ್ದು ಬರುತ್ತದೆ. ಕ್ಯಾಲ್ಸಿಯಂ ಬಾಟಲಿ ತೆರೆದು ಒಂದು ವರ್ಷದ ಮೇಲಾಯಿತು. ಅದರ ಜೊತೆಯ ಹೇಂಟೆಯೊಂದು ಕಳೆದ ತಿಂಗಳಿಂದ ತೊಗಲು ಮೊಟ್ಟೆ ಹಾಕುತ್ತಿದೆ. ಅದಕ್ಕೆ ಎಕ್ಸ್‌ರೇ ಮಾಡಿಸಿಯಾಗಿದೆ, ಹೊಟ್ಟೆ ಸ್ವಚ್ಛವಾಗಿದೆ, ಈ ವಾರ ಜಾಲರಿಯ ಈಚೆಗೆ ತರುತ್ತೇನೆ.